ಬಾಲ್ಟೀವಾಲಿ ಅತ್ತೆಯ ಆರ್ಕಿಡ್

ಸ್ನಾನಕ್ಕೆ ಹೋಗುವ ಮುನ್ನ ಗಿಡವೊಂದರ ಅಪ್ಪಣೆ ಕೇಳಬೇಕಾದ ಮನೆ ಇಡೀ ಅಹಮದಾಬಾದಿನಲ್ಲಿ ಒಂದೇ ಇತ್ತು. ಅದು ನಮ್ಮ ಸೋದರತ್ತೆಯದು!

ಹೊಸ ಶತಮಾನದ ಹೊಸತರಲ್ಲಿ ಮಾವನಿಗೆ ಬ್ಯಾಂಕಿನಲ್ಲಿ ವರ್ಗವಾಗಿ, ಹಾಸನದಿಂದ ಅಲ್ಲಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿಗೆ ಬಂದ ಅತ್ತೆಗೆ ಆ ಒಣಹವೆಯಲ್ಲಿ ಆರ್ಕಿಡ್ ಬೆಳೆಸುವ ಹುಚ್ಚು ಹತ್ತಿತು. ಗಿಡಕ್ಕೆ ತೇವ ಬೇಕೆಂದು ಅದನ್ನು ಬಚ್ಚಲುಮನೆಯ ಕಿಟಕಿಯಲ್ಲಿಟ್ಟರು. ಮಾವ ತಣ್ಣೀರು ಹುಯ್ದುಕೊಂಡರೆ, "ಹಬೆನೇ ಇಲ್ವಲ್ರೀ, ಅದರ ಗತಿ ಏನು?" ಎಂದು ಗದರುತ್ತಿದ್ದರು. ಪಾಪ, ಮಾವನಿಗೆ ಮೇ ತಿಂಗಳಲ್ಲೂ ಬಿಸಿನೀರೇ ಗತಿ!

ಬೋರ್‌ವೆಲ್ಲಿನ ಉಪ್ಪುನೀರು ಆ ಗಿಡಕ್ಕೆ ಆಗದು. ಅತ್ತೆ ಕಂಡುಕೊಂಡ ಗಂಗೆ ಯಾವುದು ಗೊತ್ತೇ? ಕಂಡವರ ಏಸಿಯಿಂದ ತೊಟ್ಟಿಕ್ಕುವ ನೀರು! ಕೆಂಪು ಬಕೆಟ್ ಹಿಡಿದು ಹೌಸಿಂಗ್ ಸೊಸೈಟಿಯ ಕಿಟಕಿ ಕಿಟಕಿಯ ಕೆಳಗೂ ಸುತ್ತುತ್ತಿದ್ದರು. ವಾಚ್‌ಮನ್ ಅವರಿಗೆ 'ಬಾಲ್ಟೀವಾಲಿ ಆಂಟಿ', ಅಂದರೆ ಬಕೆಟ್ ಆಂಟಿ, ಎಂದೇ ಹೆಸರಿಟ್ಟಿದ್ದ.

ಕೆಲಸ ಸಿಕ್ಕಿ ನಾನು ಆ ಊರಿಗೆ ಬಂದಾಗ ಅದೇ ಸೊಸೈಟಿಯಲ್ಲಿ ನೆಲಮಹಡಿಯ ಬಾಡಿಗೆ ಮನೆ ಹುಡುಕಿಕೊಟ್ಟವರೂ ಅತ್ತೆಯೇ. ಆಮೇಲೆ ಆಫೀಸಿನ ಇಬ್ಬರು ಗೆಳೆಯರು ಬಂದು ಜೊತೆ ಸೇರಿದರು; ಅವರು ಅತ್ತೆಯನ್ನು ಕಂಡಿರಲಿಲ್ಲ. ಏಪ್ರಿಲ್‌ನ ಮೊದಲ ಭಾನುವಾರವೇ ನಮ್ಮ ಏಸಿಯ ಕೆಳಗೆ ಬಕೆಟ್ ಪ್ರತ್ಯಕ್ಷ! ಗೆಳೆಯನೊಬ್ಬ ಕಿಟಕಿಯಿಂದ ಬಗ್ಗಿ ನೋಡಿ ನಕ್ಕ. "ಯೇ ಆಂಟಿ ಕೌನ್ ಹೈ?"

"ಪತಾ ನಹೀಂ," ಎಂದೆ.

ಗೊತ್ತಿಲ್ಲವಂತೆ! ಬೆಳಿಗ್ಗೆ ಅವರ ಮನೆಯಲ್ಲಿ ತಿಂದ ಅಕ್ಕಿರೊಟ್ಟಿ ಇನ್ನೂ ಕರಗಿರಲಿಲ್ಲ. ಕೇಳಿಸಿತೇನೋ, ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದರು. ಆಮೇಲೆ ಗುಜರಾತಿಯಲ್ಲಿ, "ಭಾಯ್, ಥೋಡು ಪಾಣೀ ಲಈ ಜಾಉಂ?" ಎಂದರು. ಸ್ವಲ್ಪ ನೀರು ಒಯ್ಯಲೇ ಎಂದು ಗುರುತಿಲ್ಲದವನನ್ನು ಕೇಳುವ ಹಾಗೆ! ನನ್ನ ಮಾನ ಉಳಿಸಲು ಅವರೇ ನಾಟಕಕ್ಕಿಳಿದಿದ್ದರು. ನಾನು ಹೂಂ ಎಂದು ತಲೆಯಾಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಅಲ್ಲಿಂದ ಮುಂದೆ ಗೆಳೆಯರಿದ್ದರೆ ಗುಜರಾತಿ, ಇಲ್ಲದಿದ್ದರೆ, "ಯಾಕೋ ಇಳಿದುಹೋಗಿದೀಯ? ಹೊಟ್ಟೆಗೆ ಏನಾದ್ರೂ ತಿಂತೀಯೋ ಇಲ್ವೋ?" ಅವರು ಬಡಿಸಿದ್ದನ್ನು ತಲೆತಗ್ಗಿಸಿಕೊಂಡು ತಿಂದು ಬರುತ್ತಿದ್ದೆ. ಪ್ರತಿ ಭಾನುವಾರ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೇಳುತ್ತಿರಲಿಲ್ಲ.

ನವರಾತ್ರಿಯ ಹೊತ್ತಿಗೆ ಒಂದು ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಅತ್ತೆ! ಕೈಯಲ್ಲಿ ಬಕೆಟ್ ಇಲ್ಲ, ಹೂಕುಂಡ. ಬಾಗಿದ ಕಡ್ಡಿಯ ತುಂಬ ಬಿಳಿ ಹೂಗಳು. ಹಿಂದೆ ನಿಂತ ಗೆಳೆಯರನ್ನು ನೋಡಿದ್ದೇ ಅತ್ತೆಯ ಮಾತು ಬದಲಾಯಿತು. "ಭಾಯ್, ತಮಾರಾ ಪಾಣೀಥೀ ಫೂಲ್ ಆವ್ಯಾಂ." ನಿಮ್ಮ ನೀರಿಗೆ ಹೂ ಬಿಟ್ಟಿದೆ, ಎಂದು.

ಇನ್ನು ತಡೆಯಲಾಗಲಿಲ್ಲ. "ಒಳಗೆ ಬನ್ನಿ ಅತ್ತೆ," ಎಂದೆ. ಗೆಳೆಯರ ಕಡೆ ತಿರುಗಿ, "ಮೇರೀ ಬುವಾ ಹೈಂ," ಎಂದೆ, ನನ್ನ ಸೋದರತ್ತೆ ಎಂದು. ಕಿವಿ ಸುಡುತ್ತಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕುಂಡವನ್ನು ನನ್ನ ಕೈಗಿಟ್ಟರು.

"ಇದು ಅರಳೋಕೆ ಆರು ತಿಂಗಳು ಬೇಕಾಯ್ತು ಕಣೋ. ನಿನಗೂ ಅಷ್ಟೇ ಬೇಕಾಯ್ತಲ್ಲೋ!"