ಗಂಟೆಯ ಸದ್ದಿನಲ್ಲಿ ಹೋದ ಹೆಸರು

ಕೊಪ್ಪಳದಲ್ಲಿ ಈಗ ಅರವತ್ತು ದಾಟಿದವರೆಲ್ಲರೂ ಹಳೆಯ ರೇಡಿಯೊದ ಭಕ್ತರು. ಬೆಳಗಿನ ನಡಿಗೆಯಲ್ಲಿ ದಿನಕ್ಕೊಬ್ಬರಾದರೂ ನನ್ನನ್ನು ತಡೆದು, "ಆ ಕಾಲದ ರೇಡಿಯೊ ಏನ್ರಿ ಟೀಚರ್! ಎಂಥಾ ಕನ್ನಡ, ಎಂಥಾ ದನಿ!" ಎಂದು ನಿಟ್ಟುಸಿರು ಬಿಡುತ್ತಾರೆ. ಆ ಕಾಲದಲ್ಲಿ ಇವರು ರೇಡಿಯೊ ಕೇಳಿದ್ದನ್ನು ನಾನು ಕಂಡಿಲ್ಲ. ರೇಡಿಯೊ ಹಚ್ಚಿ, ಅದರ ಮುಂದೆ ತಾವೇ ಮಾತನಾಡಿದ್ದನ್ನು ಕಂಡಿದ್ದೇನೆ. ಹೀಗಾಗಿ ಪ್ರಸಂಗಗಳಿಗೆ ಬರವಿಲ್ಲ. ಸುಳ್ಳಾಡಿದವರನ್ನು ಮೊಳಕಾಲ ಮೇಲೆ ನಿಲ್ಲಿಸುತ್ತಿದ್ದ ಸಿಸ್ಟರ್‌ಗಳ ಶಾಲೆಯಲ್ಲಿ ಕಲಿತವಳು ನಾನು, ಕಂಡದ್ದನ್ನಷ್ಟೇ ಹೇಳುತ್ತೇನೆ.

ಆರತಿ

ನಮ್ಮ ಪಕ್ಕದ ಮನೆಯವರು ಬಟ್ಟೆ ಅಂಗಡಿಯ ಸಾಹುಕಾರರು. ಯೌವನದಲ್ಲಿ ಅವರಿಗಿದ್ದದ್ದು ಒಂದೇ ಆಸೆ: ತಮ್ಮ ಹೆಸರು ರೇಡಿಯೊದಲ್ಲಿ ಬರಬೇಕು. ಚಿತ್ರಗೀತೆ ಕೋರಿ ಕಾರ್ಡು ಬರೆದವರ ಹೆಸರುಗಳನ್ನು ಆಗ ಹಾಡಿಗೆ ಮುನ್ನ ಓದುತ್ತಿದ್ದರು. ಹಾಡಿಗಿಂತ ಹೆಸರುಗಳೇ ಉದ್ದ. ಅವು ಮುಗಿದೊಡನೆ ಓಣಿಯ ಅರ್ಧ ರೇಡಿಯೊಗಳು ಬಾಯಿ ಮುಚ್ಚುತ್ತಿದ್ದವು.

ವಾರಕ್ಕೊಂದು ಕಾರ್ಡು ಹಾಕುತ್ತಿದ್ದ ಸಾಹುಕಾರರನ್ನು, ಯಾವ ಹಾಡು ಕೋರಿದ್ದೀರಿ ಎಂದು ಕೇಳಿದೆ.

"ಯಾವುದಾರ ಹಾಕ್ಲಿ ಬಿಡ್ರಿ. ಹೆಸರು ಮಾತ್ರ ಪೂರಾ ಓದ್ಬೇಕು, ಅಪ್ಪನ ಹೆಸರು ಸೈತ."

ಒಂದು ಭಾನುವಾರ ಉದ್ಘೋಷಕರು "ಕೊಪ್ಪಳದಿಂದ..." ಎಂದರು. ಸಾಹುಕಾರರ ಪಡಸಾಲೆಯಲ್ಲಿ ಇಡೀ ಓಣಿ ನೆರೆದಿತ್ತು. ಅವರ ತಾಯಿ ರೇಡಿಯೊಗೆ ಕುಂಕುಮ ಹಚ್ಚಿ, ಹೂ ಏರಿಸಿ, ಆರತಿ ಹಿಡಿದು ಕಾದಿದ್ದರು. ಮಗನ ಹೆಸರು ಬರುವ ಶುಭಗಳಿಗೆ ಎಂದು ಎಡಗೈಯ ಹಿತ್ತಾಳೆ ಗಂಟೆಯನ್ನು ಬಲವಿದ್ದಷ್ಟೂ ಬಾರಿಸಿದರು. ಗಂಟೆ ನಿಂತಾಗ ಉದ್ಘೋಷಕರು ಅಳವಂಡಿಯ ಹೆಸರುಗಳಿಗೆ ಬಂದಾಗಿತ್ತು.

"ಬಂತೇನೋ?" ಎಂದರು ತಾಯಿ.

"ನೀ ಗಂಟಿ ಬಾರಿಸಿದ್ರ ಹೆಂಗ ಕೇಳಬೇಕವ್ವ?"

"ಬಂದಿರ್ತೈತಿ ತಗೋ. ಪೂಜಿಗೆ ದೇವರೂ ದಿನಾ ಬರ್ತಾನ. ನಾ ಏನ್ ಕಂಡೀನೇನು?"

ಸಾಕ್ಷಿಗಳು

ಸಾಹುಕಾರರು ಹೆಸರು ಬಂತೆಂದೇ ಸಾಧಿಸಿದರು. ಎದುರಿನ ಕಿರಾಣಿ ಅಂಗಡಿಯವರು ಪ್ರತಿದಿನ ಕೇಳತೊಡಗಿದರು: "ಸಾಹುಕಾರ್ರ, ಸಾಕ್ಷಿ ಅದಾರೇನ್ರಿ?"

ಸಾಹುಕಾರರು ಸಾಕ್ಷಿ ಹುಡುಕಲು ಬಸ್ಸು ಹತ್ತಿದರು. ತಾವರಗೇರಾದಲ್ಲಿದ್ದ ತಂಗಿಯ ಗಂಡ ಹೇಳಿದರಂತೆ: "ಹೆಸರು ಓದಾಕ ಹತ್ತಿದ್ರ ನಾ ಬಂದ್ ಮಾಡ್ತೀನಿ. ಮಂದಿ ಹೆಸರು ಕಟ್ಕೊಂಡು ನನಗೇನಾಗಬೇಕು?" ಶ್ರೀರಾಮನಗರದಲ್ಲಿದ್ದ ಹೆಂಡತಿಯ ತಮ್ಮ ಹಗಲೆಲ್ಲ ತೆಲುಗು ಸ್ಟೇಷನ್ ಕೇಳುವವನು. "ಮಾಮಾ, ಆ ಸ್ಟೇಷನ್ನಿಗೆ ಕಾರ್ಡು ಹಾಕಿದ್ರ ಖಾತ್ರಿ ಕೇಳ್ತಿದ್ದೆ ನೋಡ್ರಿ" ಎಂದನಂತೆ.

ಕೊನೆಗೆ ನನ್ನಲ್ಲಿಗೆ ಬಂದರು.

"ನೀವು ಮುಂದ ಕುಂತಿದ್ರಿ ಟೀಚರ್. ಕೇಳಿಸ್ತು ಅಂತ ಒಂದ್ ಮಾತು ಹೇಳ್ರಿ. ನಿಮ್ಮ ಮಾತಿಗೆ ಯಾರೂ ಇಲ್ಲ ಅನ್ನಂಗಿಲ್ಲ."

"ಕೇಳಿಸಲಿಲ್ಲ. ಆದ್ದರಿಂದ ಹೇಳಲಾರೆ" ಎಂದೆ.

ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟರು. ನನ್ನ ಓದು ಆ ಎರಡು ತಿಂಗಳಲ್ಲಿ ಸಾಗಿದಷ್ಟು ಮತ್ತೆಂದೂ ಸಾಗಲಿಲ್ಲ.

ಸನ್ಮಾನ

ಈಗ ಊರಿನಲ್ಲಿ ಹಳೆಯ ಶ್ರೋತೃಗಳ ಸಂಘವೊಂದು ಹುಟ್ಟಿದೆ. ಕಳೆದ ತಿಂಗಳು ಅದೇ ಉದ್ಘೋಷಕರನ್ನು ಕರೆಸಿ ಸನ್ಮಾನಿಸಿತು. ಬ್ಯಾನರಿನಲ್ಲಿ ಅಧ್ಯಕ್ಷರ ಚಿತ್ರ ಬಾಗಿಲಿನಷ್ಟಿತ್ತು, ಉದ್ಘೋಷಕರದು ಅಂಚೆಚೀಟಿಯಷ್ಟು.

ಸಭೆಗೆ ಮುನ್ನ, ಚಹಾ ಕುಡಿಯುತ್ತಿದ್ದ ಉದ್ಘೋಷಕರ ಬಳಿ ಸಾಹುಕಾರರು ಕೋಲೂರಿಕೊಂಡು ಬಂದರು.

"ನನ್ನ ಹೆಸರು ಓದಿದ್ರಿ. ನೆನಪೈತೇನ್ರಿ?"

"ಒಂದೇ ಉಸಿರಿನಲ್ಲಿ ನಲವತ್ತು ಹೆಸರು ಓದುತ್ತಿದ್ದೆ, ಸ್ವಾಮಿ. ನೆನಪೆಲ್ಲ ಉಸಿರಿನ ಮೇಲೇ ಇರುತ್ತಿತ್ತು." ಅವರು ನಕ್ಕು, "ಇಂದು ಮೈಕಿನಲ್ಲಿ ಓದಿಬಿಡುತ್ತೇನೆ. ಯಾವ ಹಾಡು?" ಎಂದರು.

"ಹಾಡು ಬ್ಯಾಡ್ರಿ" ಎಂದರು ಸಾಹುಕಾರರು.

ಹಳೆಯ ರೇಡಿಯೊದವರು ಎಷ್ಟು ಅಳೆದು ಮಾತನಾಡುತ್ತಿದ್ದರೆಂದು ಅಧ್ಯಕ್ಷರು ವಿವರಿಸತೊಡಗಿದರು. ಅವರು ಕುಳಿತಾಗ ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಕಳೆದಿತ್ತು.

ಉದ್ಘೋಷಕರು ಎದ್ದರು. ಸಾಹುಕಾರರೂ ತಮ್ಮ ಕುರ್ಚಿಯಿಂದ ಎದ್ದು ನಿಂತರು. ಉದ್ಘೋಷಕರ ತುಟಿ ತೆರೆಯಿತು. ಅದೇ ಕ್ಷಣಕ್ಕೆ ಸಾಹುಕಾರರ ಹೆಂಡತಿ ಆರತಿ ತಟ್ಟೆ ಹಿಡಿದು ವೇದಿಕೆಯೇರಿದರು. ಎಡಗೈಯಲ್ಲಿ ಅತ್ತೆಯ ಹಿತ್ತಾಳೆ ಗಂಟೆ. ಮೈಕಿನ ಪಕ್ಕದಲ್ಲೇ ನಿಂತು ಅದನ್ನು ಅಲ್ಲಾಡಿಸಿದರು, ಭುಜ ನೋಯುವಷ್ಟು. ಗಂಟೆಯ ಕೈ ನಿಲ್ಲುವಷ್ಟರಲ್ಲಿ ಉದ್ಘೋಷಕರ ತುಟಿ ಆಡಿ ಮುಗಿದಿತ್ತು; ಅವರು ಕೈಮುಗಿದು ಕುಳಿತರು. ಸಭಿಕರು ಒಬ್ಬರ ಮುಖ ಒಬ್ಬರು ನೋಡಿದರು. ಕಿರಾಣಿಯವರು ನಗುವುದಕ್ಕೆ ಸಿದ್ಧರಾದರು.

ಸಾಹುಕಾರರು ಬೇರಾರನ್ನೂ ನೋಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿದರು. ಪ್ರಶ್ನೆ ಹಳೆಯದೇ, ಬಾಯಿ ಬಿಟ್ಟು ಕೇಳುವ ಅಗತ್ಯವಿರಲಿಲ್ಲ.

ನಾನು ಎದ್ದು ನಿಂತು, ತರಗತಿಯ ದನಿಯಲ್ಲಿ ಹೇಳಿದೆ: "ಕೇಳಿಸಿತು. ತಂದೆಯ ಹೆಸರು ಸಹಿತ."

ಕಿರಾಣಿಯವರು ತಲೆ ತಗ್ಗಿಸಿದರು. ಸಾಹುಕಾರರು ಬಹಳ ನಿಧಾನವಾಗಿ, ಅರಸನಂತೆ ಕುಳಿತರು.

ಅಧ್ಯಕ್ಷರು ಮೈಕು ಹಿಡಿದೊಡನೆ ನನ್ನ ಕಿವಿಯಿಂದ ತೆಗೆದು ಕೈಚೀಲಕ್ಕೆ ಹಾಕಿದ್ದ ಶ್ರವಣಯಂತ್ರವನ್ನು ಮನೆಗೆ ಬಂದ ಮೇಲೆಯೇ ನಾನು ಮತ್ತೆ ಇಟ್ಟುಕೊಂಡದ್ದು. ಮೊದಲು ಕೇಳಿಸಿದ್ದು ಗೋಡೆಯಾಚೆಯ ಸಾಹುಕಾರರ ದನಿ:

"ಟೀಚರ್ ತಮ್ಮ ಕಿವಿಯಾರೆ ಕೇಳ್ಯಾರ! ಇನ್ನೇನ್ ಬೇಕ್ರಿ ನಿಮಗ?"