ಬ್ಯಾಟರಿ ತಜ್ಞನ ಭಾನುವಾರ

ನಮ್ಮ ಬೀದಿಯ ಎಂಟು ಮನೆಯವರು ಸೇರಿ ಚಾವಣಿಗಳ ಮೇಲೆ ಸೌರಫಲಕ ಹಾಕಿಸಿ, ನಮ್ಮದೇ ಪುಟ್ಟ ವಿದ್ಯುತ್ ಜಾಲ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ಆ ಕರೆಂಟನ್ನು ಕೂಡಿಡಲು ಯಾವ ಬ್ಯಾಟರಿ ಒಳ್ಳೆಯದೆಂದು ಹೇಳುವ ಮಹಾಹೊಣೆ ನನ್ನ ಹೆಗಲೇರಿತು. (ಉಳಿದವರಿಗೆ ಬೇರೆ ಕೆಲಸವಿತ್ತು ಎಂಬುದು ನನ್ನ ಹೆಂಡತಿಯ ವ್ಯಾಖ್ಯಾನ.)

ಮೂರು ತಿಂಗಳು ತೌಲನಿಕ ಅಧ್ಯಯನ ನಡೆಸಿದೆ. ಸೀಸದ ಬ್ಯಾಟರಿ ಅಗ್ಗ; ಆದರೆ ಬೇಗ ಮುಪ್ಪಾಗುತ್ತದೆ, ಆಗಾಗ ನೀರು ಕುಡಿಸಿ ಉಪಚರಿಸಬೇಕು. ಇಂಥದ್ದು ಮನೆಯಲ್ಲಿ ಈಗಾಗಲೇ ಒಂದಿದೆ ಎಂದು ಹೆಂಡತಿ ನನ್ನನ್ನೇ ನೋಡಿದಳು. ಲಿಥಿಯಂ ಹಗುರ, ಬಹುಕಾಲ ಬಾಳುತ್ತದೆ, ಬೆಲೆ ಮಾತ್ರ ಮುಗಿಲಿಗೆ. ನೀರನ್ನು ಹಗಲು ಟ್ಯಾಂಕಿಗೇರಿಸಿ, ಸಂಜೆ ಇಳಿಸಿ ಕರೆಂಟು ತೆಗೆಯುವುದನ್ನೂ ಯೋಚಿಸಿದೆ. ಎಂಟು ಮನೆಯ ಟ್ಯಾಂಕುಗಳಿಂದ ಒಂದು ಬಲ್ಬು ಉರಿಯುತ್ತಿತ್ತು. ಸ್ನಾನ ಮಾತ್ರ ಯಾರಿಗೂ ಇರುತ್ತಿರಲಿಲ್ಲ.

ಉಳಿದದ್ದು ಪ್ರಯೋಗ. ಅಂಗಡಿಯವನನ್ನು ಕಾಡಿ ಎರಡೂ ಬಗೆಯ ಬ್ಯಾಟರಿ ತಂದು ಮನೆಗೆ ಜೋಡಿಸಿದೆ. ಭಾನುವಾರ ಸಂಜೆ ಬೀದಿಯವರು ವರದಿ ಕೇಳಲು ಬರುವವರಿದ್ದರು. ಬೆಳಿಗ್ಗೆಯೇ ಫ್ಯಾನು, ದೀಪ, ಇಸ್ತ್ರಿಪೆಟ್ಟಿಗೆ ಎಲ್ಲ ಹಚ್ಚಿ ಯಾವುದು ಎಷ್ಟು ತಾಳುತ್ತದೆಂದು ನೋಡುತ್ತ ಕುಳಿತೆ. ಹನ್ನೊಂದಕ್ಕೆ ಸೀಸ ಕೈಚೆಲ್ಲಿತು, ಎರಡಕ್ಕೆ ಲಿಥಿಯಂ. ಎರಡೂವರೆಗೆ ಬೀದಿಯ ಕರೆಂಟೇ ಹೋಯಿತು.

ನಡುಮನೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ ನಿಂತಿತು. ಮರುದಿನ ತೆರೆಯಲಿದ್ದ ಆಸ್ಪತ್ರೆಯೊಂದರ ನರ್ಸುಗಳಿಗೆ ಕೋಟು ಹೊಲಿಯುತ್ತಿದ್ದಳು. ಇನ್ನೂ ನಾಲ್ಕು ಬಾಕಿ. ಐದು ಗಂಟೆಗೆ ಒಪ್ಪಿಸದಿದ್ದರೆ ಮುಂದಿನ ಆರ್ಡರೆಲ್ಲ ಹಿಂದಿನ ಬೀದಿಯ ದರ್ಜಿಗೆ.

"ನಿಮ್ಮ ಬ್ಯಾಟರಿಲಿ ಯಾವುದಾದ್ರೂ ಒಂದು ಹಚ್ಚಿ," ಎಂದಳು.

"ಎರಡೂ ಖಾಲಿ. ಆದ್ರೆ ಯಾವುದು ಎಷ್ಟು ಹೊತ್ತಿಗೆ ಖಾಲಿಯಾಯ್ತು ಅಂತ ನಿಮಿಷದ ಸಮೇತ ಬರೆದಿಟ್ಟಿದೀನಿ."

ಅವಳು ಎದ್ದು ಸೆರಗು ಸಿಕ್ಕಿಸಿದಳು. ಅವಳು ಸೆರಗು ಸಿಕ್ಕಿಸಿದಾಗಲೆಲ್ಲ ನನಗೆ ಮೈಬಗ್ಗಿಸುವ ಕೆಲಸ ಕಾದಿರುತ್ತದೆ. ಮೂಲೆಯಿಂದ ಅತ್ತೆಯವರ ಕಾಲದ, ಕಾಲಲ್ಲಿ ತುಳಿಯುವ ಮಿಷನ್ ಹೊರಬಂತು. ಮಂಡಿನೋವಿನಿಂದ ಅವಳು ತುಳಿಯುವಂತಿಲ್ಲ. ಹಾಗಾಗಿ ನಾನು ಅದರ ಕೆಳಗೆ ತೂರಿ, ನೆಲದ ಮೇಲೆ ಕುಳಿತು, ಎರಡೂ ಕೈಯಿಂದ ಪೆಡಲ್ ಒತ್ತತೊಡಗಿದೆ. ಹೊಗೆಯಿಲ್ಲ, ಮಾಲಿನ್ಯವಿಲ್ಲ, ಏದುಸಿರು ಮಾತ್ರ.

ನಾಲ್ಕೂವರೆಗೆ ಏಳು ಜೊತೆ ಪಾದಗಳು ಒಳಗೆ ಬಂದವು. ನನಗೆ ಕಾಣುತ್ತಿದ್ದುದು ಅಷ್ಟೆ.

"ಎಲ್ಲಿದ್ದಾರಮ್ಮಾ ನಮ್ಮ ತಜ್ಞರು?" ಎದುರುಮನೆ ಮೇಷ್ಟ್ರ ದನಿ.

"ಮಿಷನ್ ಕೆಳಗಿದ್ದಾರೆ ಮೇಷ್ಟ್ರೇ. ಮಾತಾಡಿಸ್ಬೇಡಿ, ಹೊಲಿಗೆ ಸೊಟ್ಟಗಾಗತ್ತೆ."

"ಅಲ್ಲಾ, ಯಾವ ಬ್ಯಾಟರಿ ತಗೊಳ್ಳೋದು ಅಂತ..."

"ಲಿಥಿಯಂ ತಗೊಳ್ಳಿ. ತಂದ್ಮೇಲೆ ಇವರನ್ನ ಮಾತ್ರ ಅದರ ಹತ್ರ ಬಿಡ್ಬೇಡಿ."

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಅರ್ಧ ತೋಳು ಹೊಲಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಪಾದಗಳು ಹೊರಟವು. ವರದಿ ಓದಬೇಕಿತ್ತಲ್ಲ ಎಂದು ನಾನು ತಲೆ ಹೊರಹಾಕಿದೆ.

"ಕೈ ನಿಲ್ಲಿಸ್ಬೇಡಿ. ಇನ್ನೊಂದು ಕೋಟಿದೆ," ಎಂದಳು.

ತಲೆ ಒಳಗೆಳೆದುಕೊಂಡೆ.