ಮೂವತ್ತೊಂಬತ್ತು ಅಂಕದ ಮನೆ

ಹೆಂಡತಿ: ಮೂವತ್ತೊಂಬತ್ತಾ? ಆ ಮನೆಗೆ ಮೂವತ್ತೊಂಬತ್ತಾ ರೀ?

ಮೇಷ್ಟ್ರು: ಕಿರುಚಬೇಡ. ನೂರಕ್ಕೆ ಮೂವತ್ತೊಂಬತ್ತು. ನಮ್ಮ ಸ್ಕೂಲಲ್ಲಿ ಪಾಸಾಗೋಕೆ ನಲವತ್ತು ಬೇಕು. ಫೇಲು.

ಹೆಂಡತಿ: ಒಂದು ಮಾರ್ಕಿಗೆ ಮನೆ ಬಿಡ್ತೀರಾ?

ಮೇಷ್ಟ್ರು: ಒಂದು ಮಾರ್ಕಿಗೆ ಎಷ್ಟೋ ಮಕ್ಕಳನ್ನೇ ಫೇಲ್ ಮಾಡಿದ್ದೀನಿ ನಾನು. ಇಟ್ಟಿಗೆ, ಸಿಮೆಂಟು ಯಾವ ಲೆಕ್ಕ?

ಹೆಂಡತಿ: ಅದನ್ನ ಹೆಮ್ಮೆಯಿಂದ ಬೇರೆ ಹೇಳ್ಕೊಳ್ಳಿ.

ಮೇಷ್ಟ್ರು ಮೂವತ್ತು ವರ್ಷದಿಂದ ಒಂದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿರುವವರು. ಕೆಂಪು ಪೆನ್ನು ಜೇಬಿನಲ್ಲಿಲ್ಲದಿದ್ದರೆ ಅವರಿಗೆ ಅಂಗಿ ಹಾಕಿಕೊಂಡಂತೆಯೇ ಆಗುವುದಿಲ್ಲ. ಹೆಂಡತಿ ಟೈಲರ್. ಈ ಬಾಡಿಗೆ ಮನೆಯಲ್ಲಿ ಆಕೆಯ ಹೊಲಿಗೆ ಮಿಷನ್ ಇರುವುದು ಊಟದ ಮೇಜಿನ ಮೇಲೆ. ಊಟದ ಹೊತ್ತಿಗೆ ಇಳಿಸುವುದು, ಊಟವಾದ ಮೇಲೆ ಏರಿಸುವುದು, ಹೀಗೆ ಹದಿನಾಲ್ಕು ವರ್ಷ ಕಳೆದಿದೆ. ಗೋಡೆಗೆ ಮೊಳೆ ಹೊಡೆಯಕೂಡದೆಂದು ಮೇಲಿನ ಮಹಡಿಯ ಮಾಲೀಕರ ಅಪ್ಪಣೆ. ಆದ್ದರಿಂದ ಗೋಡೆ ಗಡಿಯಾರ ಫ್ರಿಜ್ಜಿನ ಮೇಲೆ ಬಿಸ್ಕತ್ತಿನ ಡಬ್ಬಿಗೆ ಒರಗಿಕೊಂಡು ಗಂಟೆ ತೋರಿಸುತ್ತಿದೆ. ಈಗ ಐದೂ ಕಾಲು. ಆರು ಗಂಟೆಗೆ ಬೇರೊಂದು ಪಾರ್ಟಿ ಆ ಮನೆಗೆ ಮುಂಗಡ ಕೊಡಲು ಬರುತ್ತದೆ. ಇವರು ಬರೆಯುವುದಿದ್ದರೆ ಅಷ್ಟರೊಳಗೆ ಬೆಲೆ ಬರೆದು ಕೊಡಬೇಕು. ಬರೆಸಿಕೊಳ್ಳಲು ಬಂದ ಬ್ರೋಕರ್ ಖಾಲಿ ಹಾಳೆ ಹಿಡಿದು ಕುರ್ಚಿಯ ತುದಿಯಲ್ಲಿ ಕುಳಿತಿದ್ದಾನೆ. ಇದುವರೆಗೆ ಇವರಿಗೆ ಮೂವತ್ತೊಂದು ಮನೆ ತೋರಿಸಿದ ಪುಣ್ಯಾತ್ಮ ಅವನು.

ಬ್ರೋಕರ್: ಸಾರ್, ಮೂವತ್ತೊಂದು ಮನೇಲಿ ಇದೇ ಹೆಚ್ಚು ಅಂಕ ತಗೊಂಡಿದ್ದು. ಹೋದ ವಾರದ ಮನೆಗೆ ನೀವು ಹದಿನೆಂಟು ಕೊಟ್ಟಿದ್ರಿ.

ಮೇಷ್ಟ್ರು: ಅದಕ್ಕೆ ಹದಿನೆಂಟೂ ಜಾಸ್ತೀನೇ. ಕರುಣೆ ತೋರಿಸಿದೆ.

ಹೆಂಡತಿ: ಅಬ್ಬಾ, ನಿಮ್ಮ ಕರುಣೆ! ಅದು ಹರಿದು ಹರಿದು ಈ ಮನೆಯೆಲ್ಲ ಒದ್ದೆಯಾಗಿದೆ ನೋಡಿ. ಅಲ್ಲ, ಈಗ ನಾವಿರೋ ಈ ಬಂಗಲೆಗೆ ಎಷ್ಟು ಕೊಡ್ತೀರಿ?

ಮೇಷ್ಟ್ರು: ಇದಕ್ಕಾ? ಇಪ್ಪತ್ತೆರಡು.

ಹೆಂಡತಿ: ಫೇಲಾದ ಮನೇಲಿ ಹದಿನಾಲ್ಕು ವರ್ಷದಿಂದ ಸಂಸಾರ ಮಾಡಬಹುದು. ಮೂವತ್ತೊಂಬತ್ತು ತಗೊಂಡ ಮನೆ ಮಾತ್ರ ನಿಮ್ಮ ಘನತೆಗೆ ಕಮ್ಮಿ.

ಮೇಷ್ಟ್ರು: ಬಾಡಿಗೆ ಮನೆ ಬೇರೆ. ಅದು ಕಿರುಪರೀಕ್ಷೆ ಇದ್ದ ಹಾಗೆ. ಕೊಳ್ಳೋದು ಅಂದ್ರೆ ವಾರ್ಷಿಕ ಪರೀಕ್ಷೆ ಕಣೆ.

ಹೆಂಡತಿ: ಸರಿ ಮೇಷ್ಟ್ರೇ, ಏನಕ್ಕೆ ಎಷ್ಟು ಕಳೆದ್ರಿ ಓದಿ. ಮನೆ ಕಡೆಯ ವಕೀಲೆ ನಾನೇ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ನೋಟ್‌ಬುಕ್ ತೆರೆದರು. ಮೂವತ್ತೊಂದು ಮನೆಗೆ ಮೂವತ್ತೊಂದು ಹಾಳೆ, ಪ್ರತಿ ಹಾಳೆಯಲ್ಲೂ ಹತ್ತು ಪ್ರಶ್ನೆ, ಪ್ರಶ್ನೆಗೆ ಹತ್ತು ಅಂಕ. ಮದುವೆಗೆ ಮುಂಚೆ ಹೆಣ್ಣು ನೋಡಲು ಬಂದಾಗ ಈ ಪುಸ್ತಕ ತಂದಿರಲಿಲ್ಲ ಎಂಬುದೇ ಹೆಂಡತಿಯ ಪಾಲಿನ ಅದೃಷ್ಟ.

ಮೇಷ್ಟ್ರು: ನೀರು. ಬಚ್ಚಲಿನ ನಲ್ಲಿ ಹನಿ ಹನಿಯಾಗಿ ತೊಟ್ಟಿಕ್ಕುತ್ತೆ. ಮೂರು ಕಳೆದೆ.

ಹೆಂಡತಿ: ನಲ್ಲಿ ಬಿಟ್ಟು ಪರೀಕ್ಷೆ ಮಾಡಿ, ಸರಿಯಾಗಿ ತಿರುಗಿಸದೆ ಈಚೆ ಬಂದವರು ಯಾರು?

ಮೇಷ್ಟ್ರು: ಒಳ್ಳೆ ನಲ್ಲಿಯಾದ್ರೆ ಅರ್ಧ ತಿರುಗಿಸಿದ್ರೂ ನಿಲ್ಲಬೇಕು.

ಹೆಂಡತಿ: ಒಳ್ಳೆ ಗಂಡನಾದ್ರೆ ಪೂರ್ತಿ ತಿರುಗಿಸಬೇಕು. ಮುಂದೆ?

ಮೇಷ್ಟ್ರು: ನೆರೆಹೊರೆ. ಸೊನ್ನೆ.

ಹೆಂಡತಿ: ಸೊನ್ನೇನಾ?

ಮೇಷ್ಟ್ರು: ಪಕ್ಕದ ಮನೆ ಹೆಂಗಸು ಬಾಗಿಲು ತೆಗೆದು ನನ್ನನ್ನ ಹೇಗೆ ದುರುಗುಟ್ಟಿ ನೋಡಿದ್ಲು ಅಂತ ನೀನೇ ಕಂಡಿದ್ದೀಯ.

ಹೆಂಡತಿ: ಗೋಡೆ ಗಟ್ಟಿಯಾಗಿದೆಯಾ ಅಂತ ನೀವು ಹತ್ತು ನಿಮಿಷ ದಬದಬ ಗುದ್ದಿದ್ರಿ. ಅದು ಇಬ್ಬರದೂ ಗೋಡೆ. ಯಾರೋ ಬಾಗಿಲು ಬಡೀತಿದ್ದಾರೆ ಅಂತ ಆ ಪುಣ್ಯಾತ್‌ಗಿತ್ತಿ ಮೂರು ಸಲ ಎದ್ದು ಬಂದು ನೋಡಿದ್ಲು. ಮೂರನೇ ಸಲ ದುರುಗುಟ್ಟಿದ್ಲು.

ಬ್ರೋಕರ್: ನಾಲ್ಕನೇ ಸಲ ನನಗೆ ಬೈದ್ರು ಮೇಡಂ. ನೀವು ಹೊರಟುಹೋಗಿದ್ರಿ.

ಮೇಷ್ಟ್ರು: ನೋಡು! ಬೈತಾರಂತೆ ಬೇರೆ. ಸೊನ್ನೆ ಸರಿಯಾಗೇ ಇದೆ.

ಹೆಂಡತಿ: ಒಂದು ಮಾರ್ಕು, ಒಂದೇ ಒಂದು ಮಾರ್ಕು ಹಾಕಿ. ಬೇಡ್ಕೋತೀನಿ.

ಮೇಷ್ಟ್ರು: ಮೂವತ್ತು ವರ್ಷದಲ್ಲಿ ಹಾಕಿದ ಅಂಕ ತಿದ್ದಿದವನಲ್ಲ ನಾನು. ಎಷ್ಟು ಜನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅತ್ತಿಲ್ಲ? ಒಂದು ಸಲ ಟೋಟಲ್ ಹಾಕಿದ್ರೆ ಮುಗೀತು. ಈ ಕೈ ತಪ್ಪಿದ್ದಿಲ್ಲ.

ಬ್ರೋಕರ್ ಸಣ್ಣಗೆ ಕೆಮ್ಮಿದ.

ಬ್ರೋಕರ್: ಅಂದಹಾಗೆ ಸಾರ್, ಆ ಮನೆ ಓನರ್ ನಿಮ್ಮ ಸ್ಟೂಡೆಂಟಂತೆ.

ಮೇಷ್ಟ್ರು: ಹೌದಾ? ಅದಕ್ಕೇ ನಾನು ಹೋದಾಗಿಂದ ನಿಂತೇ ಇದ್ದ. ಮುಖ ನೆನಪಾಗ್ಲಿಲ್ಲ. ನನಗೆ ಮುಖ ಗೊತ್ತಾಗಲ್ಲಪ್ಪ, ಅಕ್ಷರ ನೋಡಿದ್ರೆ ಹೇಳ್ಬಿಡ್ತೀನಿ. ಯಾವ ಬ್ಯಾಚು?

ಬ್ರೋಕರ್: ಎರಡು ಬ್ಯಾಚಂತೆ ಸಾರ್. ಒಂದೇ ಕ್ಲಾಸಲ್ಲಿ ಎರಡು ವರ್ಷ ಕೂತಿದ್ದರಂತೆ.

ಮೇಷ್ಟ್ರು: ನೋಡಿದೆಯೇನೇ? ನನ್ನ ಪಾಠ ಅಷ್ಟು ಇಷ್ಟ ಆಗಿತ್ತು ಅಂತಾಯ್ತು.

ಹೆಂಡತಿ: ಆಗಿರುತ್ತೆ, ಆಗಿರುತ್ತೆ. ಆ ಇಷ್ಟಕ್ಕೇ ಅವನು ಇನ್ನೊಂದು ಪಾರ್ಟಿಗೆ ಆರು ಗಂಟೆಗೆ ಬಾ ಅಂದಿರೋದು. ಕೊಡಿ ಇಲ್ಲಿ ಆ ಪುಸ್ತಕ.

ಹೆಂಡತಿ ನೋಟ್‌ಬುಕ್ ಕಿತ್ತುಕೊಂಡಳು. ದಿನವಿಡೀ ಅಂಗುಲ, ಅರ್ಧ ಅಂಗುಲ ಕೂಡಿಸುವವಳ ಬೆರಳು ಹಾಳೆಯ ಮೇಲೆ ಸರಸರ ಇಳಿಯಿತು.

ಹೆಂಡತಿ: ನೀರು ಏಳು. ಮೆಟ್ಟಿಲು ಎಂಟು. ಅಡುಗೆಮನೆ ಒಂಬತ್ತು. ಗೋಡೆ ಎಂಟು. ಬಾಗಿಲು ಏಳು. ನೆರೆಹೊರೆ ಸೊನ್ನೆ. ಮೂವತ್ತೊಂಬತ್ತು.

ಮೇಷ್ಟ್ರು: ಹೇಳಲಿಲ್ವಾ? ಗಣಿತದ ಮೇಷ್ಟ್ರ ಟೋಟಲ್ ನೋಡೋಕೆ ಹೊರಟಿದ್ದಾಳೆ.

ಹೆಂಡತಿ: ಇದು ಆರು ಪ್ರಶ್ನೆ.

ಮೇಷ್ಟ್ರು: ಏನು?

ಹೆಂಡತಿ: ಆರು ಪ್ರಶ್ನೆ ರೀ. ಆರು ಹತ್ತಲೆ ಅರವತ್ತು. ಇನ್ನು ನಾಲ್ಕು ಎಲ್ಲಿ ಹೋದವು? ಓನರ್ ಕಿತ್ತಿಟ್ಟುಕೊಂಡನಾ?

 ಹೆಂಡತಿ ಹಾಳೆ ತಿರುವಿದಳು. ಹಿಂದಿನ ಪುಟದಲ್ಲಿ ಅದೇ ಕೆಂಪು ಮಸಿಯಲ್ಲಿ ಮತ್ತೆ ನಾಲ್ಕು ಸಾಲುಗಳಿದ್ದವು.

ಹೆಂಡತಿ: ಬೆಳಕು ಎಂಟು. ಬಚ್ಚಲು ಏಳು. ಬೀದಿ ಏಳು. ಆಮೇಲೆ...

ಮೇಷ್ಟ್ರು: ಸಾಕು, ಕೊಡು ಇಲ್ಲಿ.

ಹೆಂಡತಿ: "ಕಿಟಕಿ ಪಕ್ಕ ಇವಳ ಮಿಷನ್ ಇಡೋ ಜಾಗ. ಹತ್ತಕ್ಕೆ ಹತ್ತು."

 ಮೇಷ್ಟ್ರು ಜೀವಮಾನದಲ್ಲಿ ಯಾರಿಗೂ ಹತ್ತಕ್ಕೆ ಹತ್ತು ಹಾಕಿದವರಲ್ಲ. ಹೆಂಡತಿ ಆ ಸಾಲನ್ನು ಇನ್ನೊಂದು ಸಲ ಓದಿಕೊಂಡಳು. ಆದರೆ ಆಕೆ ಅಷ್ಟಕ್ಕೇ ಸೋಲುವ ಪೈಕಿಯಲ್ಲ.

ಹೆಂಡತಿ: ಹತ್ತು ಅಂಕ ಹಾಕೋಕೆ ಬಂತು, ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ಮೂವತ್ತೊಂಬತ್ತೂ ಮೂವತ್ತೆರಡೂ ಎಷ್ಟು? ಹೇಳಿ ಗಣಿತದ ಮೇಷ್ಟ್ರೇ!

ಮೇಷ್ಟ್ರು: ...ಎಪ್ಪತ್ತೊಂದು.

ಬ್ರೋಕರ್: ಫಸ್ಟ್ ಕ್ಲಾಸು ಸಾರ್!

ಮೇಷ್ಟ್ರು: ಹಿಂದಿನ ಪುಟ ಬೀದೀಲಿ ನಿಂತು ಬರೆದೆ. ಮರೆತುಹೋಯ್ತು.

ಹೆಂಡತಿ: ಮರೆತುಹೋಯ್ತೋ, ಮರೆತರೆ ಕ್ಷೇಮ ಅನ್ನಿಸ್ತೋ?

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು.

ಮೇಷ್ಟ್ರು: ಭಯ ಆಗುತ್ತೆ ಕಣೆ. ಒಂದು ಮನೆ ಪಾಸಾಗಿಬಿಟ್ರೆ ಕೊಂಡುಕೊಳ್ಳಲೇಬೇಕು. ಇಷ್ಟು ವರ್ಷ ಕೂಡಿಟ್ಟಿದ್ದೆಲ್ಲ ಒಂದೇ ಸಹಿಗೆ ಹೋಗುತ್ತೆ. ಆಮೇಲೆ ಛಾವಣಿ ಸೋರಿದ್ರೆ ಯಾರನ್ನ ಬೈಲಿ? ಇಲ್ಲಾದ್ರೆ ಮೇಲಿನ ಮನೆಯವರನ್ನ ಬೈದು ನೆಮ್ಮದಿಯಾಗಿ ಮಲಗ್ತೀನಿ.

ಹೆಂಡತಿ: ಬೈಯೋಕೆ ನಾನಿದ್ದೀನಲ್ಲ. ಎಲ್ಲಿಗೆ ಹೋದ್ರೂ ಜೊತೇಲೇ ಬರ್ತೀನಿ. ಬರೀರಿ ಈಗ.

ಬ್ರೋಕರ್ ಹಾಳೆ ಮುಂದಿಟ್ಟ. ಓನರ್ ಕೇಳಿದ್ದಕ್ಕಿಂತ ಕೊಂಚ ಕಡಿಮೆ, ತಮ್ಮ ಕೈಲಾದಷ್ಟು ಬೆಲೆಯನ್ನು ಮೇಷ್ಟ್ರು ಬರೆದರು. ಸಹಿ ಹಾಕುವಾಗ ಎರಡು ಸಲ ಪೆನ್ನು ಒದರಿದರು, ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು. ಆ ಮನೆ ಇರುವುದು ಎರಡು ಬೀದಿ ಆಚೆ. ಬ್ರೋಕರ್ ಮೆಟ್ಟಿಲನ್ನು ಮೂರು ಮೂರಾಗಿ ಹಾರಿಕೊಂಡು ಇಳಿದು ಓಡಿದ. ಬಿಸ್ಕತ್ತು ಡಬ್ಬಿಯ ಪಕ್ಕದ ಗಡಿಯಾರ ಐದೂ ಮುಕ್ಕಾಲು ತೋರಿಸಿತು, ಆಮೇಲೆ ಆರಕ್ಕೆ ಐದು ನಿಮಿಷ. ಅಷ್ಟರಲ್ಲಿ ಬ್ರೋಕರ್ ಏದುಸಿರು ಬಿಡುತ್ತ ಮರಳಿ ಬಂದ.

ಹೆಂಡತಿ: ಏನಂದ್ರು?

ಬ್ರೋಕರ್: ಏನೂ ಅನ್ನಲಿಲ್ಲ ಮೇಡಂ. ಯಾಕೆ ಇಷ್ಟು ತಡ ಅಂದ್ರು, ನಾನು ಇಲ್ಲಿ ನಡೆದದ್ದೆಲ್ಲ ಹೇಳ್ಬಿಟ್ಟೆ. ನಗ್ತಾ ಇದ್ರು. "ನನ್ನ ಮನೆಗೂ ಮೂವತ್ತೊಂಬತ್ತೇನಾ?" ಅಂತ ಎರಡು ಸಲ ಕೇಳಿದ್ರು. ಆಮೇಲೆ ಕೆಂಪು ಪೆನ್ನು ಇದೆಯಾ ಅಂದ್ರು.

ಮೇಷ್ಟ್ರು: ಮನೆಗೂ ಅಂದ್ರೆ?

ಉತ್ತರಕ್ಕೆ ಕಾಯದೆ ಹಾಳೆ ಬಿಡಿಸಿದರು. ಅವರು ಬರೆದ ಬೆಲೆಯ ಕೆಳಗೆ ಕೆಂಪು ಮಸಿಯಲ್ಲಿ ದಪ್ಪಗೆ ಹೀಗಿತ್ತು: 39/100. ಅನುತ್ತೀರ್ಣ. ಮೂವತ್ತು ವರ್ಷ ಬೇರೆಯವರ ಹಾಳೆಯ ಮೇಲೆ ಆ ಬಣ್ಣ ಸುರಿದವರು ತಮ್ಮ ಹಾಳೆಯ ಮೇಲೆ ಅದನ್ನು ನೋಡಿದ್ದು ಇದೇ ಮೊದಲು. ಅವರು ಹಾಳೆಯನ್ನು ಕಣ್ಣಿನ ಹತ್ತಿರ ತಂದರು.

ಹೆಂಡತಿ: ಏನ್ರೀ ಇದು?

ಮೇಷ್ಟ್ರು: ಈ ಒಂಬತ್ತು ನೋಡು. ಬಾಲ ಸುತ್ತಿ ಮೇಲಕ್ಕೆ ಎಳೆದಿದ್ದಾನೆ. ಹೀಗೆ ಬರೀತಿದ್ದವನು ಒಬ್ಬನೇ. ಕೊನೇ ಬೆಂಚು, ಕಿಟಕಿ ಪಕ್ಕ.

ಹೆಂಡತಿ: ಮೂವತ್ತೊಂಬತ್ತಕ್ಕೆ ಫೇಲ್ ಮಾಡಿದ್ರಾ?

ಮೇಷ್ಟ್ರು: ಸ್ಟಾಫ್ ರೂಮಿಗೆ ಬಂದು ಏನೋ ಹೇಳ್ತಿದ್ದ. "ಸಾರ್, ಹಿಂದಿನ ಪುಟ" ಅಂತ. ನಾನು... ಹೊರಗೆ ಹೋಗು ಅಂದೆ. ಒಂದು ವರ್ಷ ಕಣೆ. ಆ ಹುಡುಗನ ಒಂದು ವರ್ಷ ತಿಂದುಬಿಟ್ಟೆ. ಮನೆ ಹೋದ್ರೆ ಹೋಯ್ತು, ನನಗೆ ಆಗಬೇಕಾದ್ದೇ.

ಹೆಂಡತಿ: ನಿಮಗೆ ಆಗಬೇಕು, ಸರಿ. ನನ್ನ ಮಿಷನ್ ಏನು ಪಾಪ ಮಾಡಿತ್ತು?

ಮೇಷ್ಟ್ರು ತಲೆ ಬಗ್ಗಿಸಿದರು. ಗಡಿಯಾರದ ಮುಳ್ಳು ಆರಕ್ಕೆ ಮೂರು ನಿಮಿಷ ಉಳಿದಲ್ಲಿತ್ತು. ಹೆಂಡತಿ ಅವರನ್ನು ನೋಡಿದಳು, ಮೇಜಿನ ಮೇಲಿನ ಹಾಳೆ ನೋಡಿದಳು, ಆಮೇಲೆ ನಿಟ್ಟುಸಿರು ಬಿಟ್ಟಳು.

ಹೆಂಡತಿ: ಅಲ್ಲಾ ರೀ, ಇವತ್ತು ಇಷ್ಟೆಲ್ಲ ಆದ ಮೇಲೂ ನಿಮಗೆ ಬುದ್ಧಿ ಬರಲಿಲ್ವಾ? ಹಾಳೆ ತಿರುವಿ!

ಮೇಷ್ಟ್ರು ತಿರುವಿದರು. ಹಿಂದಿನ ಪುಟದಲ್ಲಿ ಅದೇ ಅಕ್ಷರ.

ಮೇಷ್ಟ್ರು (ಓದುತ್ತ): "ಸಾರ್, ನಿಮ್ಮ ಬೆಲೆಗೆ ಒಪ್ಪಿದೆ. ಆ ಪಾರ್ಟಿಗೆ ಬರಬೇಡಿ ಅಂತ ಹೇಳಿದ್ದೇನೆ. ಷರತ್ತು ಒಂದೇ. ಇದರ ಜೊತೆ ಕಳಿಸಿರುವುದನ್ನು ದಯವಿಟ್ಟು ಮತ್ತೊಮ್ಮೆ ಕೂಡಿಸಿ ಸಹಿ ಹಾಕಿ ಕೊಡಿ."

ಬ್ರೋಕರ್: ಅಯ್ಯೋ, ಮರೆತೇಬಿಟ್ಟಿದ್ದೆ!

ಬ್ಯಾಗಿನಿಂದ ಅವನು ತೆಗೆದುಕೊಟ್ಟದ್ದು ಹಳದಿ ತಿರುಗಿದ, ನಾಲ್ಕು ಮಡಿಕೆಯ ಒಂದು ಉತ್ತರ ಪತ್ರಿಕೆ. ಮೇಷ್ಟ್ರು ಅದನ್ನು ಬಿಡಿಸಿ, ಮುಂದಿನ ಪುಟ ಕೂಡಿಸಿ, ತಿರುವಿ, ಹಿಂದಿನ ಪುಟವನ್ನೂ ಕೂಡಿಸಿದರು. ಹೆಂಡತಿ ಭುಜದ ಮೇಲಿಂದ ಬಗ್ಗಿ ಅವರ ಜೊತೆಯಲ್ಲೇ ಕೂಡಿಸಿದಳು, ನಂಬುವುದು ಹೇಗೆ? ಅರವತ್ತೆರಡು ಬಂತು. ಮೇಷ್ಟ್ರು ಹಳೆಯ ಮೂವತ್ತೊಂಬತ್ತನ್ನು ಹೊಡೆದುಹಾಕಿ ಅರವತ್ತೆರಡು ಬರೆದರು. "ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

ಬ್ರೋಕರ್: ಹಾಗಾದ್ರೆ ಮನೆ ಆಯ್ತಲ್ಲ ಸಾರ್? ನನಗೆ ಇನ್ನು ಮೂವತ್ತೆರಡನೇ ಮನೆ ಇಲ್ಲ ತಾನೇ?

ಹೆಂಡತಿ ಫ್ರಿಜ್ಜಿನ ಮೇಲಿಂದ ಗಡಿಯಾರ ಇಳಿಸಿಕೊಂಡು, ಹದಿನಾಲ್ಕು ವರ್ಷದ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು.

ಮೇಷ್ಟ್ರು (ಕೆಂಪು ಪೆನ್ನು ಜೇಬಿಗೆ ಸೇರಿಸುತ್ತ): ಏನೇ ಹೇಳು, ಮೂವತ್ತು ವರ್ಷದಲ್ಲಿ ಇದೊಂದೇ ತಪ್ಪು ನೋಡು ನಾನು ಮಾಡಿದ್ದು.

ಹೆಂಡತಿ: ಗೊತ್ತಾಗಿದ್ದು ಇದೊಂದು. ಉಳಿದವರು ಇನ್ನೂ ಮನೆ ಮಾರೋಕೆ ಇಟ್ಟಿಲ್ಲ.